ನಾಯಿಯ ಕತ್ತಿನ ಅಕ್ಕಿಕಾಳು

ನಮ್ಮ ವಂಶದಲ್ಲಿ ಮೊದಲು ವಿಮಾನ ಹತ್ತಲು ಹೊರಟವಳು ನನ್ನ ತಂಗಿ, ಎರಡನೆಯದು ಅವಳ ನಾಯಿ. ರಾಯದುರ್ಗದಲ್ಲಿ ನರ್ಸಾಗಿದ್ದ ಅವಳಿಗೆ ಜಪಾನಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ಕಷ್ಟಪಟ್ಟು ಭಾಷೆ ಕಲಿತಳು, ಪರೀಕ್ಷೆ ಪಾಸಾದಳು, ಆಮೇಲೆ ನನ್ನ ಮುಂದೆ ಬಂದು ಕೂತು, "ಅಕ್ಕಾ, ನಾಯಿ ಬಂದ್ರ ನಾ ಹೋಗ್ತೀನಿ. ಇಲ್ಲಾಂದ್ರ ಇಲ್ಲ" ಎಂದಳು. ಒಂಬತ್ತು ವರ್ಷದ ಕಪ್ಪು ಬೀದಿನಾಯಿ ಅದು. ಕಣ್ಣು ಬಿಡುವ ಮೊದಲೇ ಚರಂಡಿಯಿಂದ ಎತ್ತಿ ತಂದು ಸಾಕಿದ್ದಳು. ಮನೆಯಲ್ಲಿ ಅವಳು ಮತ್ತು ಅದು, ಇಬ್ಬರೇ. ಬಾಯಿಗೆ ಬಂದ ಹಾಗೆ ಬೈದೆ, ಜಗ್ಗಲಿಲ್ಲ.

ನಾನು ಪಶು ಆಸ್ಪತ್ರೆಯಲ್ಲಿ ಸಹಾಯಕಿ, ಹಾಗಾಗಿ ನಾಯಿಯ ಕಾಗದಪತ್ರವೆಲ್ಲ ನನ್ನ ತಲೆಗೆ ಬಿತ್ತು. ಆ ದೇಶದಲ್ಲಿ ಹುಚ್ಚುನಾಯಿ ರೋಗವೇ ಇಲ್ಲವಂತೆ, ಅದಕ್ಕೇ ಅಷ್ಟು ಕಟ್ಟುನಿಟ್ಟು. ಮೊದಲು ನಾಯಿಯ ಕತ್ತಿನ ಚರ್ಮದಡಿ ಅಕ್ಕಿಕಾಳಿನಷ್ಟಿರುವ, ಗಾಜಿನ ಹೊದಿಕೆಯ ಚಿಪ್ ಇಡಿಸಬೇಕು. ಅದರ ನಂಬರೇ ನಾಯಿಯ ಗುರುತು. ಆಮೇಲೆ ಎರಡು ಸಲ ರೇಬೀಸ್ ಲಸಿಕೆ, ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ನೂರೆಂಬತ್ತು ದಿನ ಕಾಯುವುದು. ಒಂದು ತಪ್ಪಿದರೂ ಅಲ್ಲಿ ಇಳಿದ ಮೇಲೆ ತಿಂಗಳುಗಟ್ಟಲೆ ಕ್ವಾರಂಟೈನ್ ಗೂಡು. ನನ್ನ ಮದುವೆಗೆ ನನ್ನ ಜಾತಕವನ್ನೂ ಯಾರೂ ಇಷ್ಟು ನೋಡಿರಲಿಲ್ಲ.

ಬಳ್ಳಾರಿಗೆ ಹೋಗಿ ಚಿಪ್ ಇಡಿಸಿದೆವು, ಲಸಿಕೆ ಹಾಕಿಸಿದೆವು, ವಿದೇಶಕ್ಕೆ ಕಳಿಸಿದ ರಕ್ತದ ವರದಿಯೂ ಚೆನ್ನಾಗಿ ಬಂತು. ಇನ್ನು ಇಪ್ಪತ್ತು ದಿನ ಕಾದರೆ ಮುಗಿಯಿತು ಎನ್ನುವಾಗ ತಂಗಿ ವೀಸಾ ಕೆಲಸಕ್ಕೆ ಚೆನ್ನೈಗೆ ಹೋಗಬೇಕಾಯಿತು. ನನಗೆ ಹಳ್ಳಿಹಳ್ಳಿ ತಿರುಗಿ ಕುರಿಗೆ ಲಸಿಕೆ ಹಾಕುವ ಕೆಲಸ. ನಾಯಿಯನ್ನು ಭೈರವಾನಿತಿಪ್ಪದ ಹತ್ತಿರದ ನಮ್ಮೂರಲ್ಲಿ ಅಣ್ಣನ ಬಳಿ ಬಿಟ್ಟು ಬಂದೆ.

ಅಣ್ಣ ಕುರಿಗಾರ. ಸಂಜೆ ಮಂದೆ ದೊಡ್ಡಿಗೆ ಬಂದ ಮೇಲೆ ಒಂದೊಂದು ಕುರಿಯ ಮೈಮೇಲೂ ಅವನ ಕೈ ಆಡಲೇಬೇಕು. ಜಾಲಿಮುಳ್ಳು ಒಳಗೆ ಮುರಿದು ಕೂತಿದ್ದರೆ ಅವನ ಬೆರಳಿಗೇ ಗೊತ್ತಾಗುತ್ತದೆ. ಬ್ಲೇಡಿನಿಂದ ಸಣ್ಣಗೆ ಗೀರಿ, ಒತ್ತಿ ತೆಗೆದು, ಮೇಲೆ ಅರಿಶಿಣ ಮೆತ್ತುತ್ತಾನೆ.

ಮೂರನೆಯ ದಿನ ಹೋಗಿ ನೋಡುತ್ತೇನೆ, ನಾಯಿಯ ಕತ್ತಿನ ತುಂಬ ಅರಿಶಿಣ!

"ದವಾಖಾನ್ಯಾಗ ಇದ್ದು ಏನ್ ಮಾಡ್ತೀಯವ್ವಾ ನೀನು?" ಎಂದು ಅಣ್ಣ ನನ್ನನ್ನೇ ಕೇಳಿದ. "ಕುತ್ತಿಗ್ಯಾಗ ಮುಳ್ಳು ಮುರುದೈತಿ ಅನ್ಕಂಡೆ. ತಗದು ನೋಡಿದ್ರ ಗಾಜಿನ ಚೂರು! ಅಕ್ಕತಂಗೇರು ಇಬ್ರಿಗೂ ಗೊತ್ತಾಗಿಲ್ಲ."

"ಎಲ್ಲೈತಿ ಅದು?"

"ಗಾಜು ಯಾರು ಇಟ್ಕಂತಾರ? ಬೇಲ್ಯಾಗ ಒಗದೆ."

ಅಯ್ಯೋ ಶಿವನೇ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇಲಿ ಜಾಲಾಡಿ ಹುಡುಕಿದರೂ ಪ್ರಯೋಜನವಿರಲಿಲ್ಲ. ಚಿಪ್ ಮೈಯೊಳಗೆ ಇದ್ದರಷ್ಟೇ ಲೆಕ್ಕ. ನಮ್ಮ ಆಸ್ಪತ್ರೆಯ ತೆಲುಗು ಡಾಕ್ಟರಿಗೆ ಫೋನ್ ಮಾಡಿದರೆ, "ಅಂತಾ ಮಳ್ಳೀ ಮೊದಟಿನುಂಚೇ ಅಮ್ಮಾ" ಎಂದರು. ಚಿಪ್, ಲಸಿಕೆ, ರಕ್ತ, ನೂರೆಂಬತ್ತು ದಿನ, ಎಲ್ಲ ಮತ್ತೆ ಮೊದಲಿನಿಂದ. ಏಳು ತಿಂಗಳು.

ಅಣ್ಣನಿಗೆ ನಾನು ಬೈದ ಬೈಗುಳ ಪಕ್ಕದ ದೊಡ್ಡಿಯವರಿಗೂ ಕೇಳಿಸಿತು. ಅವನು ತಲೆ ತಗ್ಗಿಸಿ ನಿಂತಿದ್ದ. "ನನಗ ಒಂದು ಮಾತು ಹೇಳಿದ್ರ ಮುಟ್ತಿದ್ನೇನವ್ವಾ?" ಎಂದ. ಕುರಿ ಕಾಯುವವನಿಗೆ ಚಿಪ್ ಅಂದರೆ ಏನು ತಿಳಿಯುತ್ತದೆ ಎಂದುಕೊಂಡು ಹೇಳದೆ ಬಂದವಳು ನಾನೇ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತಂಗಿ ಅತ್ತಳು. ತಾನು ಹೋಗುವುದೇ ಇಲ್ಲ ಎಂದು ಹಟ ಹಿಡಿದಳು. ಅಲ್ಲಿಯ ಕೆಲಸ ಏಳು ತಿಂಗಳು ಕಾಯುವಂಥದ್ದಲ್ಲ. ಕೊನೆಗೆ ಅಣ್ಣನೇ ರಾಯದುರ್ಗಕ್ಕೆ ಬಂದು ಅವಳ ಮುಂದೆ ಕೂತ. "ನೀ ಮುಂದ ಹೋಗವ್ವಾ. ಕೆಡಿಸಿದವ ನಾನು, ಕಳಿಸೋದೂ ನಂದು" ಎಂದ. ನಾಯಿಯ ತಲೆಯನ್ನು ಅವನ ತೊಡೆಯ ಮೇಲಿಟ್ಟು ತಂಗಿ ಹೊರಟಳು.

ಅಣ್ಣನ ಕಾವಲು ಶುರುವಾಯಿತು. ಹೊಸ ಚಿಪ್ ಇಟ್ಟ ದಿನದಿಂದ ನಾಯಿಯ ಕತ್ತಿನ ಹತ್ತಿರ ಯಾರ ಕೈ ಬಂದರೂ, "ಏಯ್, ಅಲ್ಲಿ ಮುಟ್ಟಬ್ಯಾಡ್ರಿ, ಸರ್ಕಾರದ್ದು ಐತಿ!" ಎಂದು ಕೂಗುತ್ತಿದ್ದ. ವಿಮಾನದಲ್ಲಿ ನಾಯಿಯನ್ನು ಕಳಿಸುವ ಪೆಟ್ಟಿಗೆ ತಂದು ಕೊಟ್ಟು, ನಾಯಿಗೆ ಇದರಲ್ಲಿ ಮಲಗುವುದು ರೂಢಿಯಾಗಬೇಕು ಎಂದೆ. ಮೊದಲು ಒಳಗೆ ಹೋಗಿ ಮಲಗಿದ್ದು ಎರಡು ಕುರಿಮರಿ. ಅವುಗಳ ಮೇಲಿನ ಹೊಟ್ಟೆಕಿಚ್ಚಿಗೇ ನಾಯಿಯೂ ಒಳಗೆ ಹೊಕ್ಕಿತು. ಹಗಲು ಮಂದೆಯ ಹಿಂದೆ ತಿರುಗುವುದು, ಸಂಜೆ ಅಣ್ಣನ ತಟ್ಟೆಯ ಪಕ್ಕ ರಾಗಿಮುದ್ದೆಗೆ ಕಾಯುವುದು. ನಾನು ಭಾನುವಾರ ಹೋದರೆ ಇಬ್ಬರೂ ಒಂದೇ ಗತ್ತಿನಲ್ಲಿ ನನ್ನನ್ನು ನೋಡುತ್ತಿದ್ದರು. ನನಗೋ ಒಳಗೊಳಗೇ ಖುಷಿ.

ದಿನ ತುಂಬಿದ ಮೇಲೆ ಕಾರು ಮಾಡಿಕೊಂಡು ಬೆಂಗಳೂರಿನ ಕ್ವಾರಂಟೈನ್ ಕಚೇರಿಗೆ ಹೋದೆವು. ಅಧಿಕಾರಿ ಚಿಪ್ ಓದುವ ಯಂತ್ರವನ್ನು ನಾಯಿಯ ಕತ್ತಿನ ಮೇಲೆ ಆಡಿಸಿದರು. ಸದ್ದಿಲ್ಲ. ಇನ್ನೊಮ್ಮೆ ಆಡಿಸಿದರು. ಆಗಲೂ ಇಲ್ಲ.

"ನಾ ಮುಟ್ಟಿಲ್ರೀ ಸಾರ್! ದೇವ್ರಾಣಿಗೂ ಮುಟ್ಟಿಲ್ರೀ!" ಎಂದು ಅಣ್ಣ ಎರಡೂ ಕೈ ಮೇಲೆತ್ತಿದ.

ಅಧಿಕಾರಿ ಗಾಬರಿಯಿಂದ ಅವನನ್ನೇ ನೋಡುತ್ತ ಯಂತ್ರವನ್ನು ಭುಜದ ಕಡೆ ಇಳಿಸಿದರು. ಟಿಣ್ ಎಂದಿತು. ಚಿಪ್ ಸ್ವಲ್ಪ ಜಾರಿತ್ತು, ಅಷ್ಟೆ. ಅಣ್ಣ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ನಾಯಿಯನ್ನು ವಿಮಾನ ಹತ್ತಿಸಿ ಬಂದ ಎರಡು ದಿನದ ಮೇಲೆ ತಂಗಿ ವಿಡಿಯೋ ಕರೆ ಮಾಡಿದಳು. ಅಲ್ಲಿಯ ಅಧಿಕಾರಿಗಳು ಕಾಗದ ನೋಡಿ, ಕೆಲವೇ ಗಂಟೆಗಳಲ್ಲಿ ನಾಯಿಯನ್ನು ಬಿಟ್ಟಿದ್ದರು. ಅದು ಅವಳ ಕಾಲ ಮೇಲೆ ಗಲ್ಲ ಇಟ್ಟು ಗೊರಕೆ ಹೊಡೆಯುತ್ತಿತ್ತು. ಅವಳ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಅಣ್ಣ ಫೋನನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನಾಯಿಯನ್ನೇ ನೋಡಿದ.

"ತಂಗೀ, ನಾ ಅವತ್ತು ಕೊಯ್ಯದಿದ್ರ ಇದು ಯಾವಾಗ ಹೋಗ್ತಿತ್ತು?"

"ಇಪ್ಪತ್ತು ದಿನಕ್ಕ ಬರ್ತಿತ್ತಲ್ಲಣ್ಣಾ, ನನ್ ಜೊತಿಗೇ."

"ಹಂಗಾದ್ರ," ಎಂದ ಅಣ್ಣ, "ಕೊಯ್ದಿದ್ದ ಚಲೋ ಆತು ಬಿಡವ್ವಾ."

ಬೈಯಲೆಂದು ಬಾಯಿ ತೆರೆದೆ. ನನಗೂ ಅಳು ಬಂತು.