ಬೀಗರ ಮರ್ಯಾದೆಗೆ ಸಿಕ್ಕ ಕ್ಲಚ್ಚು

"ಮಿಲಿಟರಿ ಲಾರಿ ಎಂಜಿನ್ ಕೂಡಿಸಿ ನನ್ನ ಕಾರು ಕೆಡಿಸಿಬಿಟ್ಟಿ ನೋಡಲೇ!"

ಗೆಳೆಯರೇ, ಇವತ್ತು ಅಮೀನಗಡದಲ್ಲಿ, ನನ್ನ ಗ್ಯಾರೇಜಿನ ಮುಂದೆ, ಅಡತಿ ಅಂಗಡಿಯ ಬಸಪ್ಪ ಸಾಹುಕಾರರು ನನಗೆ ಮಾಡಿದ ಮಂಗಳಾರತಿ ಇದು. ಹುನಗುಂದದ ಬೀಗರನ್ನು ಕೂಡಿಸಿಕೊಂಡು ಬಾದಾಮಿಗೆ ಹೊರಟಿದ್ದರು. ಸ್ಟೇರಿಂಗು ಸ್ವತಃ ಸಾಹುಕಾರರದೇ. ಗೇರು ಹಾಕಿದರೆ ಕಟಕಟನೆ ಹಲ್ಲು ಕಡಿಯುವ ಸದ್ದು. ಬೀಗರು ಇಳಿದು ಬಸ್ ನಿಲ್ಲುವ ಕಡೆ ನೋಡುತ್ತಿದ್ದರು.

ಹಳೆಯದು ಕೆಟ್ಟಿತೆಂದು ಆ ಎಂಜಿನ್ ಕೂಡಿಸಿದವನು ನಾನೇ. ಹೋದ ವಾರ ಓಡಿಸಿ ನೋಡಿದಾಗ ಗೇರು ಬೆಣ್ಣೆಯಲ್ಲಿ ಬಿದ್ದಂತೆ ಬೀಳುತ್ತಿತ್ತು. ಕ್ಲಚ್ಚಿನ ಎಣ್ಣೆ ನೋಡಿದೆ, ತುಂಬಿತ್ತು. ಕೊಳವೆಯಲ್ಲಿ ಗಾಳಿ ಸೇರಿದೆಯೇನೋ ಎಂದು ತೆಗೆದು ನೋಡಿದೆ, ಅದೂ ಇಲ್ಲ. ಕಡೆಗೆ ಪೆಡಲಿನ ಕೆಳಗೆ ಕೈ ಹಾಕಿದರೆ ಮಡಚಿ ಹಾಸಿದ ದಪ್ಪ ಜಮಖಾನೆ! ಪೆಡಲು ಅರ್ಧಕ್ಕೇ ನಿಂತರೆ ಕ್ಲಚ್ಚು ಬಿಡುವುದೆಲ್ಲಿಂದ?

"ಇದೇನ್ರಿ ಸಾಹುಕಾರ್ರ?"

"ಬೀಗರು ಮುಂದ ಕುಂದರ್ತಾರ. ಅವರ ಕಾಲು ಬರೇ ತಗಡಿನ ಮ್ಯಾಲ ಇಡಸ್ಲೇನು?"

"ಹಂಗಾದ್ರ ಅವರ ಕಾಲಬುಡಕ್ಕಷ್ಟ ಹಾಸ್ರಿ."

"ಯಾಕ, ನಾ ಅವರಿಗಿಂತ ಕಡಿಮಿ ಅದೀನೇನು?"

ನಾನು ಜಮಖಾನೆ ಎಳೆದು ಹೊರಗೆ ಹಾಕಿದೆ. ಗೇರು ಸದ್ದಿಲ್ಲದೆ ಬಿತ್ತು. ಸಾಹುಕಾರರು ಮೀಸೆ ತಿರುವಿ, "ಬರ್ರಿ ಬೀಗರ" ಎಂದು ಕೂಗುವಷ್ಟರಲ್ಲಿ ಬೀಗರು ಬಾದಾಮಿ ಬಸ್ಸು ಹತ್ತಿಯಾಗಿತ್ತು.

ಸಾಹುಕಾರರು ಜಮಖಾನೆಯ ಧೂಳು ಝಾಡಿಸಿ ಪಕ್ಕದ ಸೀಟಿನ ಮೇಲಿಟ್ಟುಕೊಂಡು ಹೊರಟರು. ಒಟ್ಟಿನಲ್ಲಿ ಇವತ್ತು ಮರ್ಯಾದೆಯಿಂದ ಕಾರಿನಲ್ಲಿ ಕೂತು ಹೋದದ್ದು ಜಮಖಾನೆಯೊಂದೇ.