ಇಬ್ಬರದೂ ಸೆಟ್ ಕೆಲಸ

ನಮ್ಮ ಸೋದರತ್ತೆ ಹಲ್ಲು ಕಟ್ಟುವವಳು. ಹಲ್ಲಿನ ಡಾಕ್ಟರು ಮುಂದಿನ ಕೋಣೆಯಲ್ಲಿ ಕೀಳುತ್ತಿದ್ದರು, ಅತ್ತೆ ಹಿಂದಿನ ಕೋಣೆಯಲ್ಲಿ ಕೂತು ಹೊಸದು ಮಾಡುತ್ತಿದ್ದಳು. ಒಂದು ಮೇಜು, ಸ್ಪಿರಿಟ್ ದೀಪ, ಮೇಣ, ಪ್ಲಾಸ್ಟರಿನ ಚೀಲ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರವರ ದವಡೆಗಳ ಅಚ್ಚು. ಅತ್ತೆಗೆ ಜನರ ಮುಖ ನೆನಪಿರುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಅವರು ನಗುವವರೆಗೂ ಕಾಯುತ್ತಿದ್ದಳು. ನಕ್ಕ ಮೇಲೆ ಗುರುತು ಹತ್ತುತ್ತಿತ್ತು.

ಅವಳು ಮಾಡುವುದಕ್ಕೆ ಎಲ್ಲರೂ ‘ಸೆಟ್’ ಎನ್ನುತ್ತಿದ್ದರು. ಅಜ್ಜಿಗಂತೂ ಆ ಪದ ಬಹಳ ಮೆಚ್ಚು. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ ಆದ್ದರಿಂದ ಅದನ್ನು ಬಿಡುವಿಲ್ಲದೆ ದುಡಿಸಿಕೊಳ್ಳುತ್ತಿದ್ದಳು. ರೇಡಿಯೋ ಸೆಟ್, ಲೋಟಗಳೂ ಸೆಟ್. ಹೊಸ ಚಪ್ಪಲಿ ಕಾಲಿಗೆ ಒಗ್ಗಿದರೆ ಸೆಟ್ ಆಯಿತು, ಕೆಟ್ಟ ಹೊಟ್ಟೆ ಸರಿಹೋದರೂ ಸೆಟ್ ಆಯಿತು. ಪಕ್ಕದ ಮನೆಯವರು ಮಾತು ಬಿಟ್ಟಾಗ, “ಅವರಿಗೂ ನಮಗೂ ಸೆಟ್ ಆಗಲ್ಲ ಬಿಡು” ಎಂದಿದ್ದಳು. ಮನೆಯಲ್ಲಿ ಸೆಟ್ ಆಗದೆ ಉಳಿದಿದ್ದು ಅತ್ತೆಯ ಮದುವೆ ಒಂದೇ. ಮೂವತ್ತನಾಲ್ಕು ದಾಟಿತ್ತು. ನೋಡಲು ಬಂದ ಗಂಡುಗಳೆಲ್ಲ ಅವಳ ಕೆಲಸ ಕೇಳಿದ ಮೇಲೆ ತುಟಿ ಬಿಚ್ಚುತ್ತಿರಲಿಲ್ಲ. ಮಾತೇ ಆಡದವರ ಜೊತೆ ಸಂಬಂಧ ಕುದುರುವುದು ಹೇಗೆ?

ಕೊನೆಗೆ ನಮ್ಮ ಬೀದಿಯ ಟೈಲರ್ ಒಂದು ಸಂಬಂಧ ತಂದ. “ಅಮ್ಮ, ಹುಡುಗನೂ ಸೆಟ್ ಕೆಲಸದವನೇ. ಇಬ್ಬರದೂ ಒಂದೇ ಕಸುಬು. ಇದಕ್ಕಿಂತ ಇನ್ನೇನ್ ಬೇಕು?” ಅಜ್ಜಿಗೆ ಬೇರೇನೂ ಬೇಕಿರಲಿಲ್ಲ.

ಟೈಲರ್ ಅಂಗಡಿಯ ಮಹಡಿಯ ಮೇಲೆ ಭೇಟಿ. ಹುಡುಗನಿಗೆ ನಲವತ್ತು ಹತ್ತಿರ; ಮದುವೆಯಾಗದ ಗಂಡಸು ಎಷ್ಟು ವಯಸ್ಸಾದರೂ ಹುಡುಗನೇ. ಅಪ್ಪ, ಅಂದರೆ ಅತ್ತೆಯ ಅಣ್ಣ, ಮಾತು ತೆಗೆಯಲು ಹೊರಡುವಷ್ಟರಲ್ಲಿ ಅತ್ತೆಯೇ ಕೇಳಿದಳು. ಕಸುಬಿನ ವಿಷಯವಾದ್ದರಿಂದ ಅವಳಿಗೆ ಸಂಕೋಚವಾಗಲಿಲ್ಲ.

“ನಿಮ್ ಸೆಟ್ ಎಷ್ಟು ವರ್ಷ ಬಾಳಿಕೆ ಬರುತ್ತೆ?”

“ವರ್ಷಾನಾ? ಮೂರು ದಿನ ಬಂದ್ರೆ ಹೆಚ್ಚು. ಆಮೇಲೆ ನಾವೇ ಹೋಗಿ ಕಿತ್ತು ಹಾಕ್ತೀವಿ.”

ಅಜ್ಜಿ ಲೋಟ ಕೆಳಗಿಟ್ಟಳು. “ನೀವೇ ಕೀಳ್ತೀರಾ?”

“ನಾಲ್ಕು ಜನ ಬೇಕಾಗುತ್ತೆ. ಒಬ್ಬರು ಹಗ್ಗ ಹಿಡ್ಕೋತಾರೆ.”

“ನೋವಾಗಲ್ವಾ?” ಎಂದು ಅತ್ತೆ ಕೇಳಿದಳು.

“ಅಭ್ಯಾಸ ಆಗಿದೆ. ಯಾವಾಗಾದ್ರೂ ಮೊಳೆ ಚುಚ್ಚುತ್ತೆ, ಅಷ್ಟೇ.”

“ಮೊಳೆ ಹೊಡೀತೀರಾ!”

“ಹೊಡೀದೆ ನಿಲ್ಲುತ್ತಾ? ಹೋದ್ಸಲ ಒಂದು ಕಡಿಮೆ ಹೊಡೆದಿದ್ದಕ್ಕೆ ರಾಣಿ ಒರಗಿದ ತಕ್ಷಣ ಕಂಬ ಬಿದ್ದೋಯ್ತು.”

“ಯಾವ ರಾಣಿ?” ಎಂದ ಅಪ್ಪ.

ಹಾಗೆ ಎಲ್ಲವೂ ಹೊರಬಿತ್ತು. ಆತ ನಾಟಕದ ಕಂಪನಿಯಲ್ಲಿ ರಂಗದ ಸೆಟ್ ಕಟ್ಟುವ ಬಡಗಿ. ಅತ್ತೆಯೂ ಅರಮನೆ, ಕಾಡು ಕಟ್ಟುವವಳೆಂದು ನಂಬಿ, ಕಂಪನಿಗೆ ಒಬ್ಬ ಒಳ್ಳೆಯ ಕೆಲಸಗಾರ್ತಿ ಸಿಕ್ಕಳೆಂದು ಖುಷಿಯಾಗಿ ಬಂದಿದ್ದ. ಅಜ್ಜಿ ಟೈಲರನ ಕಡೆ ತಿರುಗಿದಳು.

“ನಾನೇನಮ್ಮ ಸುಳ್ಳು ಹೇಳ್ದೆ? ಇಬ್ರೂ ಸೆಟ್ ಮಾಡ್ತಾರೋ ಇಲ್ವೋ?” ಎಂದ ಟೈಲರ್.

ಬಡಗಿ ಜೋರಾಗಿ ನಕ್ಕುಬಿಟ್ಟ. ಅವನ ಕೆಳಗಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅತ್ತೆ ನೋಡುತ್ತಿದ್ದಾಳೆಂದು ತಿಳಿದೂ ಅವನು ಬಾಯಿ ಮುಚ್ಚಲಿಲ್ಲ.

ಮನೆಗೆ ಬರುವಾಗ ಅಜ್ಜಿ, “ಇದು ಸೆಟ್ ಆಗಲ್ಲ” ಎಂದಳು.

“ಅವರು ಮಾಡೋದು ಹೇಗಿರುತ್ತೆ ಅಂತ ಒಂದ್ಸಲ ನೋಡ್ಕೊಂಡು ಬರ್ತೀನಿ ಅಮ್ಮ” ಎಂದಳು ಅತ್ತೆ.

ಮುಂದಿನ ಭಾನುವಾರ ಸಂಜೆ ನಾಟಕದ ಕಂಪನಿಗೆ ಹೋದಳು. ಬಡಗಿ ಅವಳನ್ನು ತೆರೆಯ ಹಿಂದೆ ಕರೆದೊಯ್ದು ಬಟ್ಟೆಯ ಗೋಡೆ, ಪ್ಲೈವುಡ್ಡಿನ ಕಂಬ ತೋರಿಸುತ್ತಿದ್ದ. ಅಷ್ಟರಲ್ಲಿ ರಾಜನ ವೇಷದ ಹಿರಿಯ ನಟ ಮೆಟ್ಟಿಲಿನಲ್ಲಿ ಎಡವಿದ. ಅವನಿಗೆ ಏನೂ ಆಗಲಿಲ್ಲ. ಬಾಯಿಂದ ಹಾರಿದ ಮೇಲಿನ ಸೆಟ್ ಮಾತ್ರ ನೆಲಕ್ಕೆ ಬಿದ್ದು ಎರಡು ತುಂಡಾಯಿತು. ನಾಟಕ ಶುರುವಾಗಲು ಅರ್ಧ ಗಂಟೆಯೂ ಇರಲಿಲ್ಲ. ಹೊರಗೆ ಜನ ತುಂಬಿದ್ದರು. ರಾಜ ಏನೋ ಹೇಳಲು ಹೋದ. ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ.

ಅತ್ತೆ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. “ಒಂದು ಗಂಟೆ ಕೊಡಿ. ಅಲ್ಲೀವರೆಗೂ ಇವರು ಬಾಯಿ ತೆಗೀಬಾರ್ದು.”

ಬಡಗಿ ಸೈಕಲ್ ತುಳಿದ, ಅತ್ತೆ ಹಿಂದೆ ಕೂತಳು. ಡಾಕ್ಟರ ಹಿಂದಿನ ಕೋಣೆಯಲ್ಲಿ ಅವಳು ತುಂಡುಗಳನ್ನು ಮೇಣದಿಂದ ಜೋಡಿಸಿ, ಬಿರುಕು ತುಂಬುವಾಗ ಅಲುಗದಂತೆ ಅಡಿಗೆ ಪ್ಲಾಸ್ಟರ್ ಸುರಿದಳು.

“ಇನ್ನೇನ್ ಮಾಡ್ಬೇಕು?” ಎಂದು ಅವನು ಕೇಳಿದ.

“ಏನೂ ಮಾಡ್ಬಾರ್ದು. ಸೆಟ್ ಆಗೋವರ್ಗೂ ಮುಟ್ಟಬಾರ್ದು.”

ಅವನು ಸ್ಟೂಲಿನ ಮೇಲೆ ಕೈಕಟ್ಟಿ ಕೂತ. ಗಡಿಯಾರ ನೋಡಲಿಲ್ಲ, ಕಾಲು ಕುಣಿಸಲಿಲ್ಲ, ‘ಆಯ್ತಾ’ ಎಂದು ಕೇಳಲಿಲ್ಲ. ಮಾಡಲು ಏನೂ ಇಲ್ಲದಾಗ ಸುಮ್ಮನೆ ಕೂರಬಲ್ಲ ಗಂಡಸನ್ನು ಅತ್ತೆ ಅದುವರೆಗೆ ಕಂಡಿರಲಿಲ್ಲ. ಡಾಕ್ಟರು ಕೂಡ ಬೆರಳಲ್ಲಿ ಒತ್ತಿ ನೋಡಿ ಅಚ್ಚು ಕೆಡಿಸುತ್ತಿದ್ದರು. ತನಗೆ ಮನಸ್ಸಾದದ್ದು ಆಗಲೇ ಎಂದು ಅತ್ತೆ ಎಷ್ಟೋ ವರ್ಷಗಳ ನಂತರ ನನಗೆ ಹೇಳಿದಳು.

ಅತ್ತ ರಾಜ ಮೊದಲ ಅಂಕವನ್ನು ಬಾಯಿ ಬಿಗಿದುಕೊಂಡೇ ಕಳೆದ. ಅವನ ಮಾತುಗಳನ್ನೆಲ್ಲ ಮಂತ್ರಿ, “ಮಹಾರಾಜರ ಅಭಿಪ್ರಾಯವೇನೆಂದರೆ” ಎಂದು ಶುರುಮಾಡಿ ತಾನೇ ಹೇಳಿದ. ರಾಜನ ಗಾಂಭೀರ್ಯ ನೋಡಿ ಜನ ಬೆರಗಾದರು. ಎರಡನೆಯ ಅಂಕಕ್ಕೆ ಹಲ್ಲು ಬಂತು, ರಾಜ ಮಾತಾಡಿದ. ಮೊದಲಿನ ಕಳೆ ಇರಲಿಲ್ಲ ಎಂದು ಹೊರಗೆ ಹೋಗುವಾಗ ಕೆಲವರು ಆಡಿಕೊಂಡರು.

ಆರು ತಿಂಗಳಲ್ಲಿ ಮದುವೆ ಆಯಿತು. ಅಜ್ಜಿ ಮೊದಲು ಮುಖ ಗಂಟಿಕ್ಕಿದಳು, ಅಳಿಯ ಅವಳ ಮಂಚದ ಕಿರುಗುಟ್ಟುವಿಕೆ ನಿಲ್ಲಿಸಿಕೊಟ್ಟ ಮೇಲೆ ಸಡಿಲವಾದಳು. ಕಂಪನಿ ಕೆಲವು ವರ್ಷ ನಡೆದು ಮುಚ್ಚಿತು. ಮಾವ ಅಂಗಡಿಗಳಿಗೆ ಕಪಾಟು ಮಾಡತೊಡಗಿದ. ಬಿದ್ದುಹೋಗದ ವಸ್ತು ಮಾಡುವುದರಲ್ಲಿ ಮಜಾ ಇಲ್ಲ ಎಂದು ಗೊಣಗುತ್ತಿದ್ದ.

ಅರವತ್ತು ದಾಟಿದ ಮೇಲೆ ಮಾವನ ಹಲ್ಲುಗಳೂ ಹೋದವು. ಅವನು ಯಾರಿಗೂ ಹೇಳದೆ ಬೇರೆ ಊರಿಗೆ ಹೋಗಿ ಸೆಟ್ ಹಾಕಿಸಿಕೊಂಡು ಬಂದ. ಊಟಕ್ಕೆ ಕೂತಾಗ ಅತ್ತೆ ಅವನು ಅಗಿಯುವುದನ್ನೇ ನೋಡಿದಳು. ಮೂರು ದಿನ ಮಾತಾಡಲಿಲ್ಲ.

“ನೀನು ಮಾಡಿದ್ರೆ ಸರಿ ಇಲ್ಲ ಅಂತ ಹೇಳೋಕೆ ಆಗ್ತಿರ್ಲಿಲ್ಲ ಕಣೇ” ಎಂದ ಮಾವ. “ಆ ಊರಿನವನಿಗಾದ್ರೆ ಹೋಗಿ ಬೈದು ಬರಬಹುದು.”

ಅತ್ತೆ ಅಂಗೈ ಚಾಚಿ, “ತೆಗೀರಿ ಇಲ್ಲಿ, ಎಡಗಡೆ ಎತ್ತರ ಆಗಿದೆ” ಎಂದಳು.