ತುಟಿಮಾತಿನ ಮೋಜಣಿದಾರ

ಭೀಮಣ್ಣ ಕಾಕಾ ಒಂದು ಅಕ್ಷರ ಪಕ್ಕಾ ಮಾಡಬೇಕಾದರೆ ಬಾಯಿಯ ಮುಂದೆ ಹಾಳೆ ಹಿಡಿಯುತ್ತಿದ್ದರು. ಅದೂ ಎಂಥ ಹಾಳೆ, ನನ್ನ ಝೆರಾಕ್ಸ್ ಯಂತ್ರದ ತಟ್ಟೆಯಿಂದ ಕೇಳದೆ ಎತ್ತಿಕೊಂಡ ಹೊಸ ಹಾಳೆ. ಅದನ್ನು ಎರಡು ಬೆರಳಲ್ಲಿ ಇಳಿಬಿಟ್ಟು ‘ಪಾ’ ಅನ್ನುವರು. ಹಾಳೆ ಹಾರುವುದು. ‘ಮಾ’ ಅನ್ನುವರು. ಹಾಳೆ ಅಲುಗದು. ‘ಬಾ’ ಅಂದಾಗ ಅಲುಗಿತೋ ಇಲ್ಲವೋ ಎಂದು ಅನುಮಾನ ಬಂದು ಮತ್ತೆ ಮೂರು ಸಲ ಅನ್ನುವರು. ಆಧಾರ್ ಕಾರ್ಡಿನ ನಕಲು ತೆಗೆಸಲು ನಿಂತ ಜನ ಮೊದಲು ಅವರ ಮುಖ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ನಾನು ಇವರ ಗುರುತೇ ಇಲ್ಲದವಳಂತೆ ತಲೆ ತಗ್ಗಿಸಿ ಕೀಲಿಮಣೆ ಕುಟ್ಟುತ್ತಿದ್ದೆ.

ಶಹಾಪುರದ ಬಸ್ ನಿಲ್ದಾಣದ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್ಟು, ಮದುವೆಯ ಬಯೋಡಾಟ, ಏನು ತಂದರೂ ಟೈಪ್ ಮಾಡಿ ಕೊಡುವ ಕೆಲಸ. ಬಾಯಿ ಜೋರು ಎಂದು ನನಗೆ ಹೆಸರಿದೆ, ಸುಳ್ಳಲ್ಲ. ಮೂರು ವರ್ಷದ ಹಿಂದೆ ಒಂದು ಗುರುವಾರ ಕಾಕಾ ಬಂದು ಚೀಲದಿಂದ ಉದ್ದನೆಯ ನೋಟುಬುಕ್ಕು ತೆಗೆದು ಮೇಜಿನ ಮೇಲಿಟ್ಟರು.

“ಯವ್ವಾ, ಇದನ್ನ ಟೈಪ್ ಮಾಡಬೇಕಾಗ್ಯದ.”

“ಏನ್ರಿ ಕಾಕಾ ಇದು?”

“ವ್ಯಾಕರಣ.”

“ಯಾವುದರದ್ರಿ? ಕನ್ನಡದ್ದೋ, ಹಿಂದಿದೋ?”

“ನಮ್ಮ ಮನೀದು,” ಅಂದರು, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ.

ತಲೆ ಕೆಟ್ಟಿದೆ ಅಂದುಕೊಂಡೆ. ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಹಣೆಯ ಮೇಲೆ ಸೊಟ್ಟಗಾಗದ ವಿಭೂತಿ. ಮೂವತ್ತು ವರ್ಷ ಮೋಜಣಿದಾರರಾಗಿ ಕಕ್ಕೇರಾದಿಂದ ರಾಮಸಮುದ್ರದವರೆಗೆ ಹೊಲಗದ್ದೆ ಅಳೆದು ನಿವೃತ್ತರಾದವರು. ಕೂರಿಸಿ ಚಹಾ ತರಿಸಿದೆ. ಆಗ ಹೇಳಿದರು.

ಅವರ ಹೆಂಡತಿ ದೇವಕ್ಕ ಕಾಕುವಿಗೆ ಲಕ್ವಾ ಹೊಡೆದಿತ್ತು. ಬಲಗೈ ಬಿದ್ದಿತ್ತು, ನಾಲಗೆ ಏಳುತ್ತಿರಲಿಲ್ಲ. ಬುದ್ಧಿ ಮಾತ್ರ ಒಂದು ಗುಂಜಿಯಷ್ಟೂ ಮುಕ್ಕಾಗಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದವರಾದ್ದರಿಂದ ಬರೆದು ತೋರಿಸುವ ಹಾಗಿಲ್ಲ. ಕೈಸನ್ನೆ ಮಾಡು ಅಂದರೆ ಪಿತ್ತ ನೆತ್ತಿಗೇರುತ್ತಿತ್ತಂತೆ. ಡಾಕ್ಟರು ಹೇಳಿಕೊಟ್ಟ ನಾಲಗೆಯ ಕಸರತ್ತನ್ನೆಲ್ಲ ಮಾಡಿಸಿ ನೋಡಿ, ಕೊನೆಗೆ ಕಾಕಾ ಒಂದು ಲೆಕ್ಕಕ್ಕೆ ಬಂದಿದ್ದರು. ನಾಲಗೆ ಕೆಲಸ ಮಾಡುವುದಿಲ್ಲ, ತುಟಿ ಮಾಡುತ್ತದೆ. ಹಾಗಾದರೆ ನಾಲಗೆಯ ಕೆಲಸವೇ ಇಲ್ಲದ ಭಾಷೆಯೊಂದನ್ನು ಕಟ್ಟಿಬಿಟ್ಟರಾಯಿತು.

“ಪ, ಬ, ಮ, ವ. ಇಷ್ಟೇ ಅಕ್ಷರ. ಅ, ಉ, ಒ ಬರ್ತಾವ. ಇ ಬರಂಗಿಲ್ಲ, ಕೈಬಿಟ್ಟೀನಿ,” ಅಂದರು, ಯಾವುದೋ ಸರ್ಕಾರಿ ಜಾಗ ಕೈಬಿಟ್ಟವರ ಹಾಗೆ. “ಹೆಸರು ತುಟಿಮಾತು. ನನಗ ತಿಳೀತದ. ಆದ್ರ ನನಗೂ ಎಪ್ಪತ್ತಾಗ್ಯಾವ. ನಾ ಹೋದ ಮ್ಯಾಲ ಅಕಿ ಮಾತು ಯಾರು ತಿಳ್ಕೋಬೇಕು? ಪುಸ್ತಕ ಆದ್ರ ಸೊಸಿ ಓದ್ತಾಳ, ಓಣ್ಯಾಗಿನವ್ರು ಓದ್ತಾರ. ಅದಕ್ಕ ಜಲ್ದಿ ಆಗಬೇಕು.”

ಜಲ್ದಿ ಅಂದ ಮನುಷ್ಯ ಮೊದಲನೇ ಪುಟಕ್ಕೇ ಎರಡು ತಿಂಗಳು ತೆಗೆದುಕೊಂಡರು. ಪ್ರತಿ ಗುರುವಾರ ಊಟ ಮುಗಿಸಿ ಬಂದರೆ ದೀಪ ಹಚ್ಚುವ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಮುಂದೆ ಸೋಮವಾರವೂ ಬರತೊಡಗಿದರು. ಅವರ ವ್ಯಾಕರಣದಲ್ಲಿ ಅಧ್ಯಾಯಗಳಿರಲಿಲ್ಲ, ಸರ್ವೇ ನಂಬರುಗಳಿದ್ದವು. ಶಬ್ದಗಳಿಗೆ ಅರ್ಥದ ಜೊತೆಗೆ ನಾಲ್ಕೂ ದಿಕ್ಕಿನ ಚೆಕ್ಕುಬಂದಿ. ‘ಮೂಬಾ: ನೀರು. ಪೂರ್ವಕ್ಕೆ ಮಜ್ಜಿಗೆ, ಪಶ್ಚಿಮಕ್ಕೆ ಚಹಾ, ದಕ್ಷಿಣಕ್ಕೆ ಔಷಧಿ, ಉತ್ತರಕ್ಕೆ ಸ್ನಾನದ ನೀರು.’ ಅಂದರೆ ಕಾಕು ‘ಮೂಬಾ’ ಅಂದಾಗ ಈ ನಾಲ್ಕರಲ್ಲಿ ಯಾವುದನ್ನೂ ತರಕೂಡದು, ಕುಡಿಯುವ ನೀರನ್ನೇ ತರಬೇಕು.

“ಕಾಕಾ, ‘ನೀರು’ ಅಂತ ಒಂದು ಶಬ್ದ ಹಾಕಿದ್ರ ಸಾಲದೇನ್ರಿ?” ಅಂದೆ ಒಮ್ಮೆ.

“ಹದ್ದು ತೋರಿಸದ ಹೊಲ ಹೊಲಾನೇ ಅಲ್ಲ ತಗೋ. ನಾಳಿ ತಕರಾರು ಬಂದ್ರ ಯಾರು ನಿಂದ್ರವ್ರು?”

ಕುಡಿಯುವ ನೀರಿನ ಅರ್ಥದ ಮೇಲೆ ಯಾರು ತಕರಾರು ಹಾಕುತ್ತಾರೋ ನನಗೆ ತಿಳಿಯಲಿಲ್ಲ. ಟೈಪ್ ಮಾಡಿದೆ. ವ್ಯಾಕರಣ ಮಾತ್ರ ಸರಳ, ನಿಜ ಹೇಳಬೇಕೆಂದರೆ ಚೆಂದ. ‘ಬೂವಾ’ ಅಂದರೆ ಊಟ. ಕೊನೆಗೆ ಒಂದು ‘ಮ್’ ಹಚ್ಚಿದರೆ ಆಗಿಹೋಯಿತು ಎಂದರ್ಥ, ‘ಬೂವಾಮ್’, ಊಟವಾಯಿತು. ಮುಂದೆ ‘ಪ’ ಹಚ್ಚಿದರೆ ಬೇಡ. ಎರಡು ಸಲ ಅಂದರೆ ಬಹಳ. ದನಿ ಏರಿಸಿದರೆ ಪ್ರಶ್ನೆ. ಗಂಡನಿಗೆ ‘ಬೊಪ್ಪು’.

ಕರಡು ತಿದ್ದುವ ರೀತಿಯೂ ಅವರದೇ. ನಾನು ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಬೇಕು, ನಾಲಗೆ ಎತ್ತದೆ ಓದಬೇಕು. ಎತ್ತಿದರೆ ಅವರಿಗೆ ಗೊತ್ತಾಗಿಬಿಡುತ್ತಿತ್ತು. “ಎತ್ತಿದಿ ನೋಡು, ಮತ್ತ ಓದು,” ಅನ್ನುವರು. ನಾನು ಅಂಗಡಿ ತುಂಬ ಜನರನ್ನಿಟ್ಟುಕೊಂಡು ‘ಬೂವಾಮ್, ಮೂಬಾಮ್, ಪಬೂವಾ’ ಎಂದು ಗೊಣಗುತ್ತಿದ್ದೆ. ಹತ್ತಿಕುಣಿಯಿಂದ ಪಹಣಿಯ ನಕಲಿಗೆಂದು ಬಂದ ರೈತರೊಬ್ಬರು ಹತ್ತು ನಿಮಿಷ ಕೇಳಿಸಿಕೊಂಡು, ಹಲ್ಲು ನೋವಿಗೆ ಲವಂಗ ಕಚ್ಚಿ ಹಿಡಿಯಬೇಕು ತಾಯಿ ಎಂದು ಕನಿಕರದಿಂದ ಹೇಳಿಹೋದರು.

ಒಂದು ದಿನ ಬೈಗುಳದ ಪುಟ ಬಂತು. ಊಟಕ್ಕೆ ನಾಲ್ಕು ಶಬ್ದವಿದ್ದರೆ ಬೈಯಲು ಹನ್ನೊಂದಿದ್ದವು. ಹನ್ನೊಂದಕ್ಕೂ ಚೆಕ್ಕುಬಂದಿ. ‘ಬೊಂಬೂ: ಕೂತಲ್ಲೇ ಕೂತಿರುವ ಸೋಮಾರಿ. ಪೂರ್ವಕ್ಕೆ ಮೈಗಳ್ಳ, ಪಶ್ಚಿಮಕ್ಕೆ ಕಿವುಡ.’ ನನಗೆ ನಗು ತಡೆಯಲಾಗಲಿಲ್ಲ.

“ಇಷ್ಟು ಬೈಗುಳ ಯಾಕ್ರಿ ಕಾಕಾ? ಎಲ್ಲಾ ನಿಮಗೇ ಬೀಳವು.”

ಕಾಕಾ ಚಹಾದ ಲೋಟ ಕೆಳಗಿಟ್ಟರು.

“ಲಕ್ವಾ ಆದ ಮ್ಯಾಲ ನಾಲ್ಕು ತಿಂಗಳು ಅಕಿ ಬಾಯೇ ತೆರೀಲಿಲ್ಲ ಯವ್ವಾ. ಮೊದಲಿಗೆ ಒಂದಿನ ಏನೋ ಅನ್ನಾಕ ಹೋಗಿದ್ಳು, ಜೊಲ್ಲು ಬಂತು. ಕೂಸುಗಳು ನಕ್ಕವು. ಅವತ್ತಿನಿಂದ ಗ್ವಾಡಿ ಕಡಿ ಮುಖ ಮಾಡಿ ಮಲಗಿದ್ಳು. ನಾ ‘ಬೂವಾ’ ಕಲಿಸಿದೆ, ‘ಮೂಬಾ’ ಕಲಿಸಿದೆ. ಹೂಂ ಅಲ್ಲ, ಊಂ ಅಲ್ಲ. ಕಡೀಗೆ ಯೋಚನಿ ಮಾಡಿದೆ. ಈಕಿ ಜೀವನದಾಗ ಎಂದರ ಊಟ ಕೊಡು, ನೀರು ಕೊಡು ಅಂತ ಕೇಳಿದಾಕೀನಾ? ಬೈಯಾಕಿ ಇಕಿ. ಇಕಿ ದನಿ ಬಸ್ ಸ್ಟ್ಯಾಂಡಿಗೆ ಕೇಳ್ತಿತ್ತು. ಅದಕ್ಕ ಒಂದು ಮುಂಜಾನಿ ಹಾಸಿಗಿ ಬಾಜೂಕ ಕುಂತು, ‘ಬೊಂಬೂ ಅಂದ್ರ ಸೋಮಾರಿ, ನನಗ ಅನ್ನಬೇಕಂದ್ರ ಹಿಂಗ ಅನ್ನಬಹುದು’ ಅಂತ ಹೇಳಿ ಸುಮ್ಮನಾದೆ. ಮಧ್ಯಾಹ್ನ ನಾ ಖುರ್ಚಿ ಮ್ಯಾಲ ತೂಕಡಿಸಾಕತ್ತಿದ್ದೆ. ಹಿಂದಿನಿಂದ ಬಂತು ನೋಡು, ‘ಬೊಂಬೂ.’ ಬರಾಬರ್ ಬಂತು. ಒಂದು ಹನಿ ಜೊಲ್ಲಿಲ್ಲ.”

ಇದನ್ನು ಹೇಳುವಾಗ ಕಾಕಾನ ಕಣ್ಣು ತುಂಬಿದ್ದವು. ಸೋಮಾರಿ ಎಂದು ಬೈಸಿಕೊಂಡು ಅಷ್ಟು ಖುಷಿಪಟ್ಟ ಗಂಡಸನ್ನು ನಾನು ಮತ್ತೆ ಕಂಡಿಲ್ಲ. ಹನ್ನೊಂದು ಬೈಗುಳವನ್ನೂ ದಪ್ಪ ಅಕ್ಷರದಲ್ಲಿ ಹಾಕಿಕೊಟ್ಟೆ.

ವರ್ಷವಾಗುವ ಹೊತ್ತಿಗೆ ಪುಸ್ತಕ ಮುಗಿಯಿತು. ಹತ್ತು ಪ್ರತಿ ತೆಗೆದು, ಸ್ಪೈರಲ್ ಹಾಕಿ, ಮೇಲೊಂದು ನೀಲಿ ರಟ್ಟು ಕೂರಿಸಿದೆ. ಓಣಿಯವರಿಗೆ ಹಂಚುವಾಗ ನೀನೂ ಇರಬೇಕು ಅಂದರು. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಅವರ ಹಿಂದೆ ನಡೆದೆ. ಮದುವಣಿಗನ ಮೆರವಣಿಗೆಯೂ ಅಷ್ಟು ಗಂಭೀರವಾಗಿ ಹೋಗುವುದಿಲ್ಲ.

ಮನೆಯ ಮುಂದಿನ ಕಟ್ಟೆಯ ಮೇಲೆ ದೇವಕ್ಕ ಕಾಕು ಕಾಲು ಚಾಚಿ ಕೂತಿದ್ದರು. ಒಂದು ಪಕ್ಕ ಸೊಸೆ ಮಹಾದೇವಿ ಅವರೆಕಾಯಿ ಬಿಡಿಸುತ್ತಿದ್ದಳು, ಇನ್ನೊಂದು ಪಕ್ಕ ಎದುರುಮನೆಯ ಹುಸೇನಬಿ ಅಡಿಕೆ ಕತ್ತರಿಸುತ್ತಿದ್ದರು. ಮೂವರೂ ಮಾತಾಡುತ್ತಿದ್ದರು. ಯಾವ ಭಾಷೆಯಲ್ಲಿ ಅಂತೀರಿ? ಕಾಕು ‘ಬಪ್ ವಬ್ಬಾ ಮೂಮ್’ ಎಂದೇನೋ ಅಂದರೆ ಹುಸೇನಬಿ ‘ವೋ ವಬ್ಬಾ’ ಎಂದು ತಿರುಗಿ ಕೊಡುತ್ತಿದ್ದರು. ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಒಂದು ವರ್ಷ ನಾಲಗೆ ಕಟ್ಟಿಕೊಂಡು ಓದಿದ ನನಗೆ ಒಂದು ಶಬ್ದವೂ ತಿಳಿಯಲಿಲ್ಲ.

ಕಾಕಾ ನಿಂತಲ್ಲೇ ನಿಂತರು. ಆಮೇಲೆ ಒಂದು ಪ್ರತಿ ಬಿಡಿಸಿ, ಬೆರಳು ಆಡಿಸುತ್ತ ಹುಡುಕಿದರು.

“ಇದು ಪುಸ್ತಕದಾಗ ಇಲ್ಲ,” ಅಂದರು.

“ಯಾವ ಪುಸ್ತಕ್ರಿ ಅಣ್ಣಾ?” ಅಂದರು ಹುಸೇನಬಿ.

“ತುಟಿಮಾತಿಂದು. ನೀವು ಏನು ಮಾತಾಡಾಕತ್ತೀರಿ ಇದು?”

“ಭಾಬಿ ಕಲಿಸ್ಯಾಳ, ಅದೇ ಮಾತಾಡಾಕತ್ತೇವಿ. ನೀವು ಟೈಪಿಂಗಿಗೆ ಹೋದ್ರ ಸಂಜೀತನ ಇಲ್ಲೇ ಕುಂದ್ರತೇವಿ. ಮಾತಾಡದ ಏನು ಮಾಡೂದ್ರಿ?”

“ಇದು ಒತ್ತುವರಿ,” ಅಂದರು ಕಾಕಾ, ಎಲ್ಲರ ಮುಖವನ್ನೂ ನೋಡುತ್ತ. “ಪೂರಾ ಒತ್ತುವರಿ. ಒಂದು ಹದ್ದೂ ಉಳಿಸಿಲ್ಲ ನೀವು.”

ಕಾಕು ಅವರ ಕಡೆ ತಿರುಗಿ, ದನಿ ಎತ್ತಿ, ಒಂದು ಮಾತು ಅಂದರು. ಹೆಂಗಸರು ನಕ್ಕರು. ಅರ್ಥ ಹೇಳಲು ಯಾರೂ ಒಪ್ಪಲಿಲ್ಲ. ಹನ್ನೊಂದರಲ್ಲಿ ಇಲ್ಲದ ಹನ್ನೆರಡನೆಯದು ಎಂದು ನಾನು ಊಹಿಸಿದೆ.

ನಾನಾಗಿದ್ದರೆ ಹತ್ತೂ ಪ್ರತಿ ಒಲೆಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ಅಂಗಡಿಗೆ ಮರಳುವಾಗ ಅವರೂ ಜೊತೆಗೆ ಬಂದರು, ದಾರಿಯಲ್ಲಿ ಹೇಳಿದೆ. “ಕಾಕಾ, ನಿಮಗ ಬೇಕಾಗಿದ್ದು ಇದೇ ಅಲ್ಲೇನ್ರಿ? ಓಣಿಗೆ ಓಣೀನೇ ಕಲ್ತದ. ಇನ್ನ ಯಾಕ ಫಿಕರ್?”

“ಅದು ಕಚ್ಚಾ ಯವ್ವಾ,” ಅಂದರು. “ಬಾಯಾಗಿನ ಮಾತು ಬಾಯಾಗೇ ಹೋಗ್ತದ. ಹುಸೇನಬಿ ನಾಳಿ ಮಗಳ ಮನೀಗೆ ಸುರಪುರಕ್ಕ ಹೋದ್ಳಂದ್ರ? ಸೊಸಿ ತವರಿಗೆ ಹೋದ್ಳಂದ್ರ? ಕಾಗದದ ಮ್ಯಾಲ ಇರಬೇಕು. ಎರಡನೇ ಆವೃತ್ತಿ ತೆಗೀಬೇಕಾಗ್ತದ.”

ಹೀಗೆ ಇನ್ನೆರಡು ವರ್ಷ. ಈಗ ಕಾಕಾ ಬೆಳಿಗ್ಗೆ ಬಾಗಿಲ ಒಳಗೆ ಖುರ್ಚಿ ಹಾಕಿಕೊಂಡು, ಹೆಂಗಸರು ಆಡಿದ್ದನ್ನು ಬರೆದುಕೊಳ್ಳುವರು. ಮಧ್ಯಾಹ್ನ ಅದನ್ನು ನನ್ನ ಹತ್ತಿರ ತರುವರು. ಒಂದು ಪುಟ ಟೈಪ್ ಆಗುವುದರೊಳಗೆ ಓಣಿಯಲ್ಲಿ ನಾಲ್ಕು ಶಬ್ದ ಬದಲಾಗಿರುತ್ತಿದ್ದವು. ತರಕಾರಿಯವನೂ ಕಲಿತಿದ್ದ. ಬದನೆಕಾಯಿಗೆ ಅವನದೇ ಒಂದು ಶಬ್ದ ಸೇರಿಸಿದ್ದ. ಕಾಕಾ ಅದನ್ನೂ ಚೆಕ್ಕುಬಂದಿ ಹಾಕಿ ದಾಖಲು ಮಾಡಿದರು. ಕೊನೆಯ ಸಲ ಬಂದಾಗ ಹೊಸ ಹಾಳೆ ಎತ್ತಿಕೊಂಡು ‘ವಬ್ಬಾ’ ಅಂದು ಪರೀಕ್ಷೆ ಮಾಡಿದರು.

“ಅರ್ಥ ಸಿಕ್ತೇನ್ರಿ ಇದರದು?” ಅಂದೆ.

“ಮೂರು ಸಿಕ್ಕಾವ. ಅಕೀನ ಕೇಳಿದ್ರ ನಗತಾಳ. ಮುಂದಿನ ಗುರುವಾರ ಪಕ್ಕಾ ಮಾಡ್ಕೊಂಡು ಬರ್ತೀನಿ,” ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೋದರು.

ಆ ಗುರುವಾರ ಬರಲಿಲ್ಲ. ಮಹಾದೇವಿಯ ಫೋನು ಬಂತು. ಮುಂಜಾನೆ ಚಹಾ ಕುಡಿದು ನೋಟುಬುಕ್ಕು ತೆಗೆದವರು ಖುರ್ಚಿಯ ಮೇಲೆಯೇ ಒರಗಿ ತೀರಿಕೊಂಡಿದ್ದರಂತೆ. ಹಾಳೆ ವ್ಯರ್ಥ ಮಾಡುತ್ತಾರೆಂದು ಎಷ್ಟು ಸಲ ಅವರ ಮೇಲೆ ರೇಗಿದ್ದೆನೋ, ಎಲ್ಲ ನೆನಪಾಗಿ ಅಳು ಬಂತು.

ಮೂರು ದಿನ ಬಿಟ್ಟು ಹೋದೆ. ಎರಡನೇ ಆವೃತ್ತಿಯ ಕರಡನ್ನು ಚೀಲದಲ್ಲಿಟ್ಟುಕೊಂಡಿದ್ದೆ. ಕಾಕುವಿನ ಕೈಗೆ ಕೊಟ್ಟು, ಅವರ ಭಾಷೆಯಲ್ಲೇ ಎರಡು ಸಮಾಧಾನದ ಮಾತು ಹೇಳಬೇಕೆಂದು ರಾತ್ರಿ ಪುಟ ತಿರುವಿದ್ದೆ. ದುಃಖಕ್ಕೆ ಕಾಕಾ ಶಬ್ದವನ್ನೇ ಇಟ್ಟಿರಲಿಲ್ಲ.

ಕಟ್ಟೆಯ ಮೇಲೆ ಕಾಕು ಕೂತಿದ್ದರು, ಸುತ್ತ ಓಣಿಯ ಹೆಂಗಸರು. ಯಾರೂ ಕನ್ನಡ ಆಡುತ್ತಿರಲಿಲ್ಲ. ಇವರ ಮಾತು ತಿಳಿಯುವವರು ಯಾರಿರುತ್ತಾರೋ ಎಂದು ಒಬ್ಬ ಮನುಷ್ಯ ಮೂರು ವರ್ಷ ಹೆದರಿದ್ದನಲ್ಲ, ಅಲ್ಲಿ ತಿಳಿಯದವಳು ನಾನೊಬ್ಬಳೇ ಇದ್ದೆ. ನಾನು ಕರಡು ತೆಗೆದು ಕಾಕುವಿನ ತೊಡೆಯ ಮೇಲಿಟ್ಟೆ. ಅವರು ಅದರ ಮೇಲೆ ಎಡಗೈ ಇಟ್ಟು, ನನ್ನ ಮುಖ ನೋಡುತ್ತ ಉದ್ದಕ್ಕೆ ಏನೋ ಹೇಳಿದರು. ‘ಬೊಪ್ಪು’ ಎಂಬುದೊಂದು ಮಾತ್ರ ತಿಳಿಯಿತು, ಅದು ಎರಡು ಮೂರು ಸಲ ಬಂತು. ಹುಸೇನಬಿಯ ಕಡೆ ನೋಡಿದೆ.

ಹುಸೇನಬಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದರು. “ಮೂರು ವರ್ಷ ನನ್ನ ಮಾತು ಬರ್ಕೊಂಡಾನ, ಒಂದಿನಾನೂ ಬಾಜೂಕ ಕುಂತು ನನ್ನ ಜೋಡಿ ಮಾತಾಡ್ಲಿಲ್ಲ, ಅಂತಾಳ. ಮಧ್ಯಾಹ್ನ ಆದ್ರ ಅಂಗಡಿಗೆ ಹೋಗ್ತಿದ್ದ, ಅಂತಾಳ.”

ಆ ಅಂಗಡಿ ನನ್ನದು.